ಶಿರಾಡಿ ಇಳಿಯುವಾಗ ಕಾರು ಅಡ್ಡ ನುಗ್ಗಿದರೆ ಲಾರಿಯವರು ಏನು ಮಾಡಬೇಕು?

ಪ್ರಶ್ನೆ: ಹಾಸನದಿಂದ ಮಂಗಳೂರು ಬಂದರಿಗೆ ಹತ್ತು ಚಕ್ರದ ಲಾರಿಯಲ್ಲಿ ಕಾಫಿ ಮೂಟೆ ಸಾಗಿಸುತ್ತೇನೆ. ಶನಿವಾರ, ಭಾನುವಾರ ಶಿರಾಡಿ ಇಳಿಯುವಾಗ ಕಾರಿನವರು ಓವರ್‌ಟೇಕ್ ಮಾಡುತ್ತಾ ಬಂದು, ಎದುರಿಗೆ ಬಸ್ ಕಂಡ ಕೂಡಲೇ ನನ್ನ ಬಂಪರ್ ಮುಂದೆಯೇ ನುಗ್ಗಿ ಬ್ರೇಕ್ ಒತ್ತುತ್ತಾರೆ. ನಾನು ಬಿಟ್ಟ ಜಾಗವೇ ಅವರಿಗೆ ದಾರಿಯಾಗುತ್ತಿದೆ. ಅಂತರ ಬಿಡುವುದೇ ತಪ್ಪೇ?
– ಲಾರಿ ಚಾಲಕರು, ಹಾಸನ

ಉತ್ತರ: ತಪ್ಪಲ್ಲ. ನಿಮ್ಮ ಕೈಯಲ್ಲಿರುವ ರಕ್ಷಣೆ ಅದೊಂದೇ. ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಕಣ್ಣು ಕಂಡು ಕಾಲು ಪೆಡಲ್ ಮುಟ್ಟಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಏರ್ ಬ್ರೇಕಿನಲ್ಲಿ ಗಾಳಿ ಪೈಪ್ ದಾಟಿ ಲೈನರ್ (ಉಜ್ಜಿ ನಿಲ್ಲಿಸುವ ಪಟ್ಟಿ) ಚಕ್ರದ ಡ್ರಮ್ಮಿಗೆ ಒತ್ತಲು ಮತ್ತೆ ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ 22 ಮೀಟರ್ ಮುಗಿದಿರುತ್ತದೆ. 28.5 ಟನ್‌ವರೆಗೆ ತೂಗುವ ಗಾಡಿ ನಿಜವಾಗಿ ನಿಲ್ಲಲು ಶುರು ಮಾಡುವುದೇ ಅಲ್ಲಿಂದ.

ಆದ್ದರಿಂದ ಮುಂದಿನ ಗಾಡಿ ಒಂದು ಬೋರ್ಡನ್ನೋ ಕಿಲೋಮೀಟರ್ ಕಲ್ಲನ್ನೋ ದಾಟಿದಾಗಿನಿಂದ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ನೀವು ಅಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಆಗಿರಬೇಕು. ಮಳೆ, ಮಂಜಿನಲ್ಲಿ ಆರು. ಕಾರು ನಡುವೆ ನುಗ್ಗಿತೇ? ಬ್ರೇಕ್ ತುಳಿಯುವ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾರು ನಿಮಗಿಂತ ವೇಗವಾಗಿದ್ದರೆ ಅಂತರ ತಾನಾಗಿ ಮರಳುತ್ತದೆ. ಘಾಟಿಯುದ್ದಕ್ಕೂ ಇಪ್ಪತ್ತು ಕಾರು ಹೀಗೆ ನುಗ್ಗಿ, ಪ್ರತಿಯೊಂದಕ್ಕೂ ನಾಲ್ಕು ಸೆಕೆಂಡ್ ಬಿಟ್ಟುಕೊಟ್ಟರೂ ಹೋಗುವುದು ಒಂದೂವರೆ ನಿಮಿಷಕ್ಕಿಂತ ಕಡಿಮೆ. ಬಿಡಬಾರದೆಂದು ವೇಗ ಹೆಚ್ಚಿಸುವುದು 2017ರ ಚಾಲನಾ ನಿಯಮಗಳ ಪ್ರಕಾರವೂ ತಪ್ಪು.

ಹೀಗೆ ಬಿಟ್ಟುಕೊಡಲು ಗಾಡಿ ನಿಮ್ಮ ಹಿಡಿತದಲ್ಲಿರಬೇಕಲ್ಲ, ಅದು ತೀರ್ಮಾನವಾಗುವುದು ಇಳಿಜಾರಿನ ತಲೆಯಲ್ಲಿ. ದೋಣಿಗಾಲ್ ಕಳೆದು ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಅದೇ ಲೋಡಿನಲ್ಲಿ ಆ ಏರು ಹತ್ತಲು ಯಾವ ಗೇರ್ ಬೇಕೋ ಅದು, ಇಲ್ಲವೇ ಅದಕ್ಕಿಂತ ಒಂದು ಕಡಿಮೆ. ವೇಗ ಏರಿದ ಮೇಲೆ ಗೇರ್ ಬದಲಿಸಲು ಹೋದರೆ ಕೆಳಗಿನ ಗೇರ್ ಬೀಳದೆ ಗಾಡಿ ನ್ಯೂಟ್ರಲ್‌ನಲ್ಲೇ ಉಳಿಯುವ ಅಪಾಯವಿದೆ. ಎಂಜಿನ್ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿಡಿ. ಕಾಲುಬ್ರೇಕನ್ನು ಮೆತ್ತಗೆ ಒತ್ತಿಕೊಂಡೇ ಇಳಿಯಬೇಡಿ. ಡ್ರಮ್ ಕಾದರೆ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. 30 ಕಿ.ಮೀ.ಗೆ ಬಂದಾಗ ಗಟ್ಟಿಯಾಗಿ ಒತ್ತಿ 22ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ 30 ಆದಾಗ ಇದನ್ನೇ ಮಾಡಿ. ಸುಟ್ಟ ವಾಸನೆ ಬಂದರೆ ಅಥವಾ ಬ್ರೇಕಿನ ಗಾಳಿಯೊತ್ತಡ ತೋರಿಸುವ ಏರ್ ಮೀಟರ್ 6 ಕೆ.ಜಿ.ಗಿಂತ ಕೆಳಗೆ ಜಾರುತ್ತಿದ್ದರೆ, ಬ್ರೇಕ್ ಇನ್ನೂ ಹಿಡಿಯುತ್ತಿರುವಾಗಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಟ್ಟು ತಣಿಯಲು ಬಿಡಿ, ಡ್ರಮ್ಮಿಗೆ ನೀರು ಎರಚಬೇಡಿ. ಬಿಸಿ ಡ್ರಮ್ ಬಿರುಕು ಬಿಡುತ್ತದೆ.

ಇನ್ನೊಂದು ಮಾತು. ‘ಹೋಗಿ’ ಎನ್ನಲು ಬಲ ಇಂಡಿಕೇಟರ್ ಹಾಕುವ ರೂಢಿ ನಮ್ಮ ಲಾರಿಗಳಲ್ಲಿ ಇದೆ. ದಯವಿಟ್ಟು ಬಿಡಿ. ಒಬ್ಬರು ಅದನ್ನು ‘ಬನ್ನಿ’ ಎಂದು ಓದಿದರೆ ಇನ್ನೊಬ್ಬರು ‘ಬಲಕ್ಕೆ ತಿರುಗುತ್ತಾನೆ’ ಎಂದು ಓದುತ್ತಾರೆ. ಎಡಕ್ಕೆ ಸರಿದು ವೇಗ ಇಳಿಸಿದರೆ ಸಾಕು, ಹೋಗುವುದೋ ಬಿಡುವುದೋ ಅವರೇ ನೋಡಿಕೊಳ್ಳಲಿ.

ಪ್ರಶ್ನೆ: ಮೂಡಿಗೆರೆ–ಬೇಲೂರು ರಸ್ತೆಯ ತಿರುವುಗಳಲ್ಲಿ ರಾತ್ರಿ ಎದುರಿನವರು ನಮ್ಮ ಕಡೆಗೇ ಬಂದುಬಿಡುತ್ತಾರೆ, ಹೈಬೀಮ್ ಬೇರೆ. ನಾನೂ ಹೈಬೀಮ್ ಹಾಕಿ ಎಚ್ಚರಿಸಬೇಕೇ? ಹಿಂದೆ ಅಂಟಿಕೊಂಡು ಬರುವವರ ಕಾಟವೂ ಇದೆ.
– ಟಿಪ್ಪರ್ ಚಾಲಕರು, ಚಿಕ್ಕಮಗಳೂರು

ಉತ್ತರ: ಒಮ್ಮೆ ಡಿಪ್ ಮಾಡಿ ತೋರಿಸಿ, ಅಷ್ಟೇ. ಇಬ್ಬರೂ ಹೈಬೀಮ್‌ನಲ್ಲಿದ್ದರೆ ಕುರುಡರು ಇಬ್ಬರಾಗುತ್ತಾರೆ. ನೋಟವನ್ನು ರಸ್ತೆಯ ಎಡಗಡೆಯ ಬಿಳಿ ಗೆರೆಗೆ ಇಳಿಸಿ, ವೇಗ ತಗ್ಗಿಸಿ. ಮುಂಗಾಜಿನ ಒಳಬದಿಯನ್ನೂ ಒರೆಸಿರಬೇಕು. ಅಲ್ಲಿನ ಜಿಡ್ಡಿನ ಪದರ ಎದುರಿನ ಬೆಳಕನ್ನು ಗಾಜಿನ ತುಂಬ ಹರಡುತ್ತದೆ.

ಎದುರಿನವರು ಪೂರ್ತಿ ನಿಮ್ಮ ಪಥಕ್ಕೆ ಬಂದುಬಿಟ್ಟರೆ ಬ್ರೇಕ್ ಹಾಕಿ, ಹಾರ್ನ್ ಒತ್ತಿ, ಟಾರ್ ಇರುವಷ್ಟೂ ಎಡಕ್ಕೆ ಸರಿಯಿರಿ. ಬಲಕ್ಕೆ ಮಾತ್ರ ತಿರುಗಿಸಬೇಡಿ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಅವರು ಗಾಬರಿಯಿಂದ ವಾಪಸ್ ಎಳೆಯುವುದು ಆ ಕಡೆಗೇ. ಮಳೆಗಾಲದಲ್ಲಿ ಟಾರ್ ಅಂಚಿನಾಚೆಯ ಮಣ್ಣನ್ನೂ ನಂಬಬೇಡಿ. ಎಡ ಚಕ್ರ ಕುಸಿದು ತುಂಬಿದ ಟಿಪ್ಪರ್ ಚರಂಡಿಗೆ ವಾಲುತ್ತದೆ.

ಹಿಂದೆ ಅಂಟಿಕೊಂಡವರಿಗೆ ಬ್ರೇಕ್ ಹಾಕಿ ಬುದ್ಧಿ ಕಲಿಸುವ ಯೋಚನೆ ಬೇಡವೇ ಬೇಡ. ನಿಮ್ಮ ಮುಂದಿನ ಅಂತರ ಹೆಚ್ಚಿಸಿಕೊಳ್ಳಿ. ಆಗ ನೀವು ಮೆಲ್ಲಗೆ ನಿಧಾನಿಸಬಹುದು, ಹಿಂದಿನವರಿಗೂ ಸಮಯ ಸಿಗುತ್ತದೆ. ಚಹಾಕ್ಕೆ ನಿಲ್ಲಿಸಿದಾಗ ಗಾಡಿಯ ಹಿಂದೆ ಹೋಗಿ ನೋಡಿ. ಕೆಮ್ಮಣ್ಣು ಮೆತ್ತಿದ ಬ್ರೇಕ್ ಲೈಟು ಆರಿಹೋಗುವ ಕೆಂಡದಷ್ಟೂ ಕಾಣದು, ರಿಫ್ಲೆಕ್ಟರ್ ಪಟ್ಟಿ ಮಡ್‌ಗಾರ್ಡಿನ ಬಣ್ಣಕ್ಕೆ ಬಂದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕ್ಲೀನರ್‌ಗೆ ಪೆಡಲ್ ಒತ್ತಲು ಹೇಳಿ ಎರಡೂ ಬಲ್ಬು ಉರಿಯುತ್ತವೆಯೇ ಎಂದು ನೀವೇ ನಿಂತು ನೋಡಿ. ಮಂಜಿನಲ್ಲಿ ಲೋಬೀಮ್ ಸಾಕು. ಓಡುವಾಗ ಹಜಾರ್ಡ್ ಲೈಟ್ ಹಾಕಿದರೆ ನೀವು ಎತ್ತ ತಿರುಗುತ್ತೀರಿ ಎಂಬುದೇ ತಿಳಿಯುವುದಿಲ್ಲ.

ಪ್ರಶ್ನೆ: ಅಡ್ಡ ಹಾಕಿ ಜಗಳಕ್ಕೆ ಬಂದರೆ?
– ಅದೇ ಓದುಗರು

ಉತ್ತರ: ಕೆಳಗಿಳಿಯಬೇಡಿ. ಬಾಗಿಲು ಲಾಕ್ ಮಾಡಿ 112ಕ್ಕೆ ಕರೆ ಮಾಡಿ. ದಾರಿ ಸಿಕ್ಕರೆ ಬೆಳಕು, ಜನ ಇರುವ ಪೆಟ್ರೋಲ್ ಬಂಕ್‌ವರೆಗೆ ಹೋಗಿ ನಿಲ್ಲಿಸಿ, ಬೆನ್ನಟ್ಟಬೇಡಿ. ಗಾಡಿ ನಂಬರ್, ಸಮಯ, ಹತ್ತಿರದ ಕಿಲೋಮೀಟರ್ ಕಲ್ಲು ಬರೆದಿಡಿ. ಡ್ಯಾಶ್‌ಕ್ಯಾಮ್ ಇದ್ದರೆ ಅದರ ಲಾಕ್ ಬಟನ್ ಒತ್ತಿ ಅಥವಾ ಕಾರ್ಡ್ ತೆಗೆದಿಡಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಡಿಕ್ಕಿಯೇ ಆಗಿದ್ದರೆ 50 ಮೀಟರ್ ಹಿಂದೆ ತ್ರಿಕೋನ ಇಡಿ, ತಿರುವಿದ್ದರೆ ತಿರುವಿಗೂ ಮೊದಲು. ಗಾಯಾಳುಗಳಿಗೆ 108 ಕರೆಸಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಿಕಿತ್ಸೆಗೆ ನೆರವಾಗುವುದು ನಿಮ್ಮ ಹೊಣೆ. ಪೊಲೀಸರಿಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕು.