ಕಣ್ಣು ತೆರೆದೇ ಇತ್ತು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಬೀಜ ಆರಿಸುವ ಕೆಲಸ ಆಕೆಯದು. ವಯಸ್ಸು ನಲವತ್ತರ ಆಸುಪಾಸು. ಕಪ್ಪು ಬೀಜ, ಒಡಕು, ಹುಳು ತಿಂದದ್ದು ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. ಊಟದ ನಂತರ ಆಕೆ ಆರಿಸಿದ ರಾಶಿಯಲ್ಲಿ ಮಾತ್ರ ಕಪ್ಪು ಬೀಜ ಉಳಿದುಬಿಡುತ್ತಿತ್ತು. "ಕೂತಲ್ಲೇ ನಿದ್ದೆ" ಎಂದು ಮೇಸ್ತ್ರಿ ಎಲ್ಲರೆದುರು ಗದರಿದ ಮರುದಿನ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದರು.

"ತೂಕಡಿಸಿಲ್ಲ ಮೇಡಂ. ಕಣ್ಣು ತೆರೆದೇ ಇತ್ತು, ಕೈಯೂ ಆಡುತ್ತಿತ್ತು. ಬೇಕಾದರೆ ಪಕ್ಕದವಳನ್ನು ಕೇಳಿ."

ಮನೆಯ ಚಿಂತೆ ಇರಬೇಕೆಂದು ಎರಡು ಭೇಟಿಗಳನ್ನು ಮಗಳ ಕಾಲೇಜು ಶುಲ್ಕದ ಮಾತಿನಲ್ಲೇ ಕಳೆದೆ. ತಪ್ಪು ನನ್ನದೇ. ಮೂರನೆಯ ಸಲ ಜೊತೆಗೆ ಬಂದ ಅತ್ತೆ ವಿಷಯ ಬಿಚ್ಚಿದರು: "ಇವಳ ಗೊರಕೆಗೆ ನಾನು ಹೆದರುವುದಿಲ್ಲ. ಅದು ಇದ್ದಕ್ಕಿದ್ದಂತೆ ನಿಲ್ಲುತ್ತದಲ್ಲ, ಆಗ ಎದೆ ಹೊಡೆದುಕೊಳ್ಳುತ್ತದೆ."

ಯಾವ ಸಂದರ್ಭದಲ್ಲಿ ಎಷ್ಟು ತೂಕಡಿಕೆ ಬರುತ್ತದೆಂದು ಕೇಳುವ ಎಪ್‌ವರ್ತ್ ಪ್ರಶ್ನಾವಳಿ ಕೊಟ್ಟೆ. ಎಂಟು ಸಂದರ್ಭ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಹತ್ತನ್ನು ದಾಟಿದರೆ ಹಗಲುನಿದ್ದೆ ಅತಿಯಾಗಿದೆ ಎಂದರ್ಥ. ಆಕೆಗೆ ಬಂದದ್ದು ಎಂಟೇ. ಕೂತು ಓದುವಾಗ, ಕಾರಿನಲ್ಲಿ ಪಯಣಿಸುವಾಗ ಎಂದೆಲ್ಲ ಕೇಳಿದರೆ ಓದುವ ಬಿಡುವಿಲ್ಲದ, ಕಾರಿಲ್ಲದ ಹೆಂಗಸು ಏನು ಹೇಳಿಯಾರು? ಅಂಕವನ್ನು ಬದಿಗಿಟ್ಟು ಅತ್ತೆಯ ಮಾತನ್ನು ನಂಬಿ ನಿದ್ರಾತಜ್ಞರ ಬಳಿಗೆ ಕಳುಹಿಸಿದೆ.

ರಾತ್ರಿಯ ಪರೀಕ್ಷೆಯಲ್ಲಿ ನಿದ್ದೆಯ ನಡುವೆ ಉಸಿರು ಕಟ್ಟುವ ತೊಂದರೆ ಕಂಡಿತು. ಹಗಲು ಹತ್ತು ನಿಮಿಷದ ಇನ್ನೊಂದು ಪರೀಕ್ಷೆ: ಪರದೆಯ ಮೇಲೆ ಅಂಕಿ ಯಾವಾಗ ಮೂಡುತ್ತದೆಂದು ಗೊತ್ತಿರುವುದಿಲ್ಲ, ಮೂಡಿದೊಡನೆ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿನಷ್ಟು ತಡವಾದರೂ ಗಮನ ಜಾರಿದ ಲೆಕ್ಕ. ಮೊದಮೊದಲು ಚುರುಕಾಗಿದ್ದ ಬೆರಳು ಕೊನೆಕೊನೆಗೆ ಮತ್ತೆ ಮತ್ತೆ ತಡವರಿಸಿತ್ತು, ಕಣ್ಣು ಮಾತ್ರ ಮುಚ್ಚಿರಲಿಲ್ಲ. ಮಬ್ಬು ಬೆಳಕಿನ ಕೋಣೆಯಲ್ಲಿ ನಲವತ್ತು ನಿಮಿಷ ಕೂರಿಸುವ ಪರೀಕ್ಷೆಯೂ ಒಂದಿದೆ. ಅದು ನಿದ್ದೆ ತಡೆಯುವ ಶಕ್ತಿಯನ್ನು ಅಳೆಯುತ್ತದೆ, ಆಕೆಯ ತೊಂದರೆ ಅದಾಗಿರಲಿಲ್ಲ. ನಿದ್ದೆ ತಡೆಯುವುದು, ಗಮನ ಹಿಡಿದಿಡುವುದು, ನಮ್ಮ 'ಎಚ್ಚರ' ಎಂಬ ಪದ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ಮೇಸ್ತ್ರಿಯೂ ಆಕೆಯೂ ಅದೇ ಪದವನ್ನು ಹಿಡಿದು ಜಗಳವಾಡಿದ್ದರು.

ರೇಡಾರ್ ನೋಡುವವರಿಗಾಗಿ ನಡೆದ ಪ್ರಯೋಗದಲ್ಲಿ, ನಿದ್ದೆಯ ಕಾಯಿಲೆಯಿಲ್ಲದವರೂ ಅರ್ಧ ಗಂಟೆಯಲ್ಲೇ ಸೂಚನೆಗಳನ್ನು ತಪ್ಪಿಸತೊಡಗುತ್ತಾರೆಂದು ಮನೋವಿಜ್ಞಾನಿ ಮ್ಯಾಕ್‌ವರ್ತ್ 1948ರಲ್ಲೇ ಬರೆದಿದ್ದರು. ಇದನ್ನು ಹೇಳಿದಾಗ ಆಕೆ ಮೊದಲ ಸಲ ನಕ್ಕರು: "ಹಾಗಾದರೆ ಮೇಸ್ತ್ರಿಯನ್ನೂ ಕೂರಿಸಿ ನೋಡಿ."

ಸಲಹೆಯಲ್ಲಿ ನಾನು ಪಟ್ಟು ಹಿಡಿದದ್ದು ಸ್ಕೂಟರ್ ವಿಷಯದಲ್ಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಗಮನ ತಪ್ಪಿದರೆ 33 ಮೀಟರ್ ರಸ್ತೆ ಕಾಣದೇ ಹೋಗುತ್ತದೆ. ಚಿಕಿತ್ಸೆ ಹಿಡಿತಕ್ಕೆ ಬಂದು ವೈದ್ಯರು ಒಪ್ಪುವವರೆಗೆ ಬಸ್ಸೇ ಗತಿ ಎಂದೆ, ಮುನಿಸಿಕೊಂಡರೂ ಒಪ್ಪಿದರು. ನೆರೆಯವರು ಕೊಟ್ಟಿದ್ದ ನಿದ್ದೆಮಾತ್ರೆ ಬೇಡ, ಉಸಿರಿನ ತೊಂದರೆ ಹೆಚ್ಚಬಹುದು. ಊಟದ ನಂತರ ಇಪ್ಪತ್ತು ನಿಮಿಷ ಮಲಗುವುದು, ಆಮೇಲೆ ಚೀಲಗಳಿಗೆ ಗುರುತು ಹಾಕುವಂಥ ಓಡಾಟದ ಕೆಲಸ ಕೇಳುವುದು. ವೈದ್ಯರ ಪತ್ರವನ್ನು ಮೇಸ್ತ್ರಿಗಲ್ಲ, ಅವರ ಮೇಲಿನವರಿಗೆ ಕೊಡಿಸಿದೆ.

ಮೂಗಿಗೆ ಗಾಳಿ ಒತ್ತುವ ಸಿಪಾಪ್ ಯಂತ್ರದ ಮುಖವಾಡವನ್ನು ಮೊದಲ ವಾರ ನಿದ್ದೆಗಣ್ಣಲ್ಲೇ ಕಿತ್ತೆಸೆಯುತ್ತಿದ್ದರು. ಈಗ ಒಗ್ಗಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯಂತ್ರದ ಸದ್ದು ನಿಂತರೆ ಅತ್ತೆಯೇ ಎದ್ದು ಬಂದು ಸೊಸೆಯ ಭುಜ ತಟ್ಟುತ್ತಾರಂತೆ.