ಶಾಂಪೂ ಒಡೆದದ್ದು ಯಾಕೆ?

ಪ್ರಶ್ನೆ: ನಾವು ಕೆಲವು ಹೆಣ್ಣುಮಕ್ಕಳು ಸೇರಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾಡಿ ಮಾರುತ್ತೇವೆ. ಈ ಸಲ ಶಾಂಪೂ ಮಾಡಲು ಹೊರಟೆವು. ಕೂದಲು ನುಣುಪಾಗಲಿ ಎಂದು ಕ್ಯಾಟಯಾನಿಕ್ ಗೌರ್ ಪುಡಿಯನ್ನು ನೀರಲ್ಲಿ ನೆನೆಸಿದೆವು. ಕೊಳೆ ತೆಗೆದು ನೊರೆ ಕೊಡುವ ಎಸ್‌ಎಲ್‌ಇಎಸ್ ತುಟ್ಟಿ ಅಂತ ಸ್ವಲ್ಪವೇ ಹಾಕಿದೆವು. ಎಲ್ಲ ಬೆಳ್ಳಗೆ ಮುದ್ದೆಯಾಗಿ ತಳಕ್ಕೆ ಕೂತಿತು. ಪುಡಿ ಕಲಬೆರಕೆಯೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಪುಡಿಯನ್ನು ದೂರಬೇಡಿ ತಂಗಿ. ಅದು ತಲೆಯ ಮೇಲೆ ಮಾಡಬೇಕಾದ ಕೆಲಸವನ್ನು ಬಕೆಟ್ಟಿನಲ್ಲೇ ಮಾಡಿಬಿಟ್ಟಿದೆ, ಅಷ್ಟೇ.

ಗೌರ್ ಅಂದರೆ ನಮ್ಮ ಚವಳಿಕಾಯಿ ಬೀಜದ ಅಂಟು. ಅದರ ಅಣು ಉದ್ದನೆಯ ಸರಪಳಿ, ಅಂದರೆ ಪಾಲಿಮರ್. ಕಾರ್ಖಾನೆಯಲ್ಲಿ ಅದಕ್ಕೆ ಅಲ್ಲಲ್ಲಿ ಧನ ವಿದ್ಯುದಂಶ ಕೂಡಿಸಿರುತ್ತಾರೆ. ಎಸ್‌ಎಲ್‌ಇಎಸ್ ಅಣುವಿನ ತಲೆ ಋಣ. ಬಾಲಕ್ಕೆ ನೀರು ಕಂಡರಾಗದು.

ಇಂಥ ಅಣುಗಳಷ್ಟೇ ನೀರಲ್ಲಿದ್ದರೆ, ಒಂದು ಮಟ್ಟ ದಾಟಿದ ಮೇಲೆ ಬಾಲ ಒಳಗಿಟ್ಟು ಉಂಡೆ ಕಟ್ಟುತ್ತವೆ. ಎಸ್‌ಎಲ್‌ಇಎಸ್ ಜಾತಿಯದೇ ಆದ ಎಸ್‌ಡಿಎಸ್‌ಗೆ ಆ ಮಟ್ಟ ಲೀಟರಿಗೆ ಸುಮಾರು 2.3 ಗ್ರಾಂ. ಪಾಲಿಮರ್ ಇದ್ದರೆ ಅಲ್ಲಿಯತನಕ ಕಾಯುವುದಿಲ್ಲ. ವಿದ್ಯುದಂಶವೇ ಇಲ್ಲದ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಜೊತೆಗೂ ಸುಮಾರು ಅರ್ಧಕ್ಕೇ ಶುರು. ಉಂಡೆಗಳು ಮಣಿಸರದ ಹಾಗೆ ಸರಪಳಿಯುದ್ದಕ್ಕೂ ಕೂರುತ್ತವೆ. ನಿಮ್ಮ ಬಕೆಟ್ಟಿನಲ್ಲಿ ಧನ-ಋಣದ ಸೆಳೆತವೂ ಸೇರಿತಲ್ವಾ? ಇನ್ನೂ ಎಷ್ಟೋ ಕಡಿಮೆಯಲ್ಲೇ ಅಂಟಿಕೊಂಡವು. ಧನ, ಋಣ ಸರಿಸಮವಾದಾಗ ಸರಪಳಿಗಳು ಒಂದನ್ನೊಂದು ದೂರ ತಳ್ಳುವುದಿಲ್ಲ. ಮುದ್ದೆಯಾಗದೆ ಏನು ಮಾಡ್ತಾವೆ? ಎಸ್‌ಎಲ್‌ಇಎಸ್ ಇನ್ನೂ ಜಾಸ್ತಿ ಬಿದ್ದರೆ ಸರಪಳಿ ಋಣದ ಕಡೆ ವಾಲಿ ಮತ್ತೆ ಕರಗುತ್ತದೆ.

ಒಳ್ಳೆಯ ಶಾಂಪೂ ಈ ಕರಗಿದ ಸ್ಥಿತಿಯಲ್ಲೇ ಬಾಟಲಿಯಲ್ಲಿರುತ್ತದೆ. ತಲೆಗೆ ತಂಬಿಗೆ ನೀರು ಸುರಿದಾಗ ಎಸ್‌ಎಲ್‌ಇಎಸ್ ತೆಳುವಾಗಿ, ಪಾಲಿಮರ್ ಜೊತೆ ಮುದ್ದೆಯಾಗುವ ಮಟ್ಟಕ್ಕೇ ಇಳಿಯುತ್ತದೆ. ನುಣ್ಣನೆಯ ಪದರ ಕೂದಲಿಗೆ ಹತ್ತುತ್ತದೆ. ತೊಳೆಯುವಾಗಲೇ ಕೈಗೆ ಜಾರುವಂತಾಗುವುದು ಅದೇ. ನನಗೆ ಇಡೀ ರಸಾಯನಶಾಸ್ತ್ರದಲ್ಲಿ ಇಷ್ಟು ಚೆಂದದ ಯುಕ್ತಿ ಕೆಲವೇ ಕಂಡಿವೆ. ಲೇಬಲ್ಲಿನಲ್ಲಿ ಪಾಲಿಕ್ವಾಟರ್ನಿಯಮ್-10 (ಇದೂ ಧನ ವಿದ್ಯುದಂಶದ ಪಾಲಿಮರ್ರೇ) ಎಂದು ಬರೆದ, ಪಾರದರ್ಶಕವಾದ ಶಾಂಪೂವನ್ನು ಗಾಜಿನ ಲೋಟಕ್ಕೆ ಹಾಕಿ, ಹತ್ತು ಪಾಲು ನೀರು ಬೆರೆಸಿ ಬೆಳಕಿಗೆ ಹಿಡಿಯಿರಿ. ಸಾಮಾನ್ಯವಾಗಿ ಮಬ್ಬಾಗುತ್ತದೆ.

ಬಕೆಟ್ಟನ್ನು ಚೆಲ್ಲಬೇಡಿ. ಚೆನ್ನಾಗಿ ಕಲಕಿ 100 ಗ್ರಾಂ ತೆಗೆದು, ಎಸ್‌ಎಲ್‌ಇಎಸ್ ಸ್ವಲ್ಪಸ್ವಲ್ಪವೇ ತೂಗಿ ಹಾಕಿ. ನೊರೆ ಏಳದಂತೆ ನಿಧಾನ ಕಲಕಿ. ಮುದ್ದೆ ಕರಗಿ ತಿಳಿಯಾದರೆ ಆ ತೂಕ ಬರೆದಿಟ್ಟುಕೊಂಡು ಉಳಿದದ್ದಕ್ಕೂ ಅದೇ ಲೆಕ್ಕದಲ್ಲಿ ಹಾಕಿ. ಮಂದ ಮಾಡುವ ಉಪ್ಪು ಮಾತ್ರ ಕಡೆಗೆ, ಚಿಟಿಕೆ ಚಿಟಿಕೆಯಾಗಿ. ಹೆಚ್ಚಾದರೆ ಮತ್ತೆ ನೀರಾಗುತ್ತದೆ.