ಸಾಫ್ಟ್‌ವೇರ್ ಆಮೇಲೆ ಕೊಳ್ಳಿ, ಮೊದಲು ಮೇಲ್ ಐಡಿ ಯಾರದ್ದು ನೋಡಿ

ವಿರಾಜಪೇಟೆಯಲ್ಲಿ ಇಪ್ಪತ್ತು ಕಂಪ್ಯೂಟರ್ ಇವೆ, ಎಕ್ಸೆಲ್ ಸಾಕಾಗ್ತಿಲ್ಲ, ಅವುಗಳ ಲೆಕ್ಕ ಇಡಲು ಯಾವ ಸಾಫ್ಟ್‌ವೇರ್ ಕೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಓಡಾಡಿದವನೇ.

ನಮ್ಮದು ಕಾಫಿ ಪುಡಿ, ಕರಿಮೆಣಸು, ಏಲಕ್ಕಿ ಪ್ಯಾಕ್ ಮಾಡಿ ಮಾರುವ ಸಣ್ಣ ಕಂಪನಿ. ಆಫೀಸು, ಅಂಗಡಿ ಮಡಿಕೇರಿಯಲ್ಲಿ. ಹುರಿಯೋದು, ಪ್ಯಾಕಿಂಗು, ಗೋಡೌನು ಎಲ್ಲ ಕುಶಾಲನಗರದಲ್ಲಿ, ಅಲ್ಲಿ ಮಳೆ ಕಡಿಮೆ ಅಲ್ವಾ. ನಾನು ಅಕೌಂಟ್ಸ್‌ನವನು. 'ನಿನಗೆ ಕಂಪ್ಯೂಟರ್ ಗೊತ್ತಲ್ಲ' ಅಂತ ಅದರ ಉಸ್ತುವಾರಿಯೂ ನನ್ನ ತಲೆಗೇ ಬಂತು. ಎಕ್ಸೆಲ್ ಶೀಟ್ ಮಾತ್ರ ಭರ್ಜರಿಯಾಗಿ ಮಾಡಿದ್ದೆ. ಮಾಡೆಲ್, ರ್‍ಯಾಮ್, ಹಾರ್ಡ್ ಡಿಸ್ಕ್, ಕೊಂಡ ತಾರೀಖು, ವಾರಂಟಿ ಮುಗಿದಿದ್ದಕ್ಕೆ ಕೆಂಪು ಬಣ್ಣ. ಮಾಲೀಕರಿಗೆ ತೋರಿಸಿ ಶಭಾಷ್ ಅನ್ನಿಸಿಕೊಂಡೂ ಆಗಿತ್ತು.

ಏಪ್ರಿಲ್‌ನಲ್ಲಿ ನಮ್ಮ ಕಡೆ ಗುಡುಗು ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಸಂಜೆ ಸಿಡಿಲಿಗೆ ಯುಪಿಎಸ್ಸೂ ಹೋಯಿತು, ಅಕೌಂಟ್ಸ್ ಕಂಪ್ಯೂಟರಿನ ಮದರ್‌ಬೋರ್ಡೂ ಹೋಯಿತು. ಡೇಟಾ ಬ್ಯಾಕಪ್ ಇತ್ತು, ಹಾಗಾಗಿ ನಾನು ಆರಾಮಾಗಿಯೇ ಇದ್ದೆ. ಅಂಗಡಿಯ ಕಂಪ್ಯೂಟರ್ ತಂದು ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಹಾಕಿದೆ. ಸೀರಿಯಲ್ ನಂಬರ್ ಕೇಳಿತು, ಬಿಲ್ಲಿನ ಫೈಲಿನಲ್ಲಿತ್ತು, ಕೊಟ್ಟೆ. ಅನ್‌ಲಾಕ್ ಕೀ ಮಾತ್ರ ರಿಜಿಸ್ಟರ್ ಆದ ಮೇಲ್‌ಗೆ ಹೋಗುತ್ತದೆ. ನಮ್ಮ ಲೈಸೆನ್ಸ್ ರಿಜಿಸ್ಟರ್ ಆಗಿದ್ದು ಯಾವ ಮೇಲ್‌ಗೆ? ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಸ್ವಂತ ಜಿಮೇಲ್‌ಗೆ!

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲೂ ಹೀಗೇ ಆಗಿರುತ್ತದೆ. ಟ್ಯಾಲಿ ಹಾಕಿಸಿದ ದಿನ ಕಂಪನಿ ಮೇಲ್‌ನ ಪಾಸ್‌ವರ್ಡ್ ಮಾಲೀಕರ ಹತ್ತಿರ ಇತ್ತು, ಮಾಲೀಕರು ನೆಟ್‌ವರ್ಕ್ ಸಿಗದ ತೋಟದಲ್ಲಿದ್ದರು. ಸಂಜೆವರೆಗೆ ಕಾದಿದ್ದರೆ ಮುಗಿದುಹೋಗುತ್ತಿತ್ತು. ನಾನು ಕಾಯಲಿಲ್ಲ. 'ಈಗ ನಿನ್ನ ಮೇಲ್ ಹಾಕು, ಆಮೇಲೆ ಬದಲಾಯಿಸೋಣ' ಅಂತ ಹುಡುಗನಿಗೆ ಹೇಳಿದವನು ನಾನೇ, ಅವನದೇನೂ ತಪ್ಪಿಲ್ಲ. ಆ 'ಆಮೇಲೆ' ಬರಲೇ ಇಲ್ಲ. ಅವನು ಫೋನ್ ನಂಬರ್ ಬದಲಾಯಿಸಿದ್ದ, ಹಳೇ ಜಿಮೇಲ್ ತೆಗೆಯೋಣ ಅಂದ್ರೆ ಓಟಿಪಿ ಹಳೇ ನಂಬರಿಗೇ ಹೋಗುತ್ತಿತ್ತು. ಲೈಸೆನ್ಸನ್ನ ಬೇರೆ ಕಂಪ್ಯೂಟರಿಗೆ ಹಾಕಬೇಕಾದ್ರೆ ಮೊದಲು ಹಳೆಯದರಲ್ಲಿ ಸರೆಂಡರ್ ಮಾಡಬೇಕು, ಅಂದ್ರೆ ಬಿಟ್ಟುಕೊಡಬೇಕು. ಹಳೆಯದು ಸುಟ್ಟು ಕೂತಿದೆ. ನನ್ನ ಆ ಬಣ್ಣಬಣ್ಣದ ಶೀಟಿನಲ್ಲಿ ಸಾಫ್ಟ್‌ವೇರ್ ಅನ್ನೋ ಕಾಲಂನಲ್ಲಿ ಏನಿತ್ತು ಗೊತ್ತಾ? 'ವಿಂಡೋಸ್, ಆಫೀಸ್, ಟ್ಯಾಲಿ'. ಅಷ್ಟೇ. ಏನಿದೆ ಅಂತ ಬರೆದಿದ್ದೆ, ಯಾರ ಹೆಸರಲ್ಲಿದೆ ಅಂತ ಬರೆದಿರಲಿಲ್ಲ.

ಲೆಟರ್‌ಹೆಡ್, ಸೀಲು, ಸಹಿ, ಫೋನು ಅಂತ ಅಲೆದು ಎಲ್ಲ ಸರಿಯಾಗುವ ಹೊತ್ತಿಗೆ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಸಲ್ಲಿಸಬೇಕಾದ 20ನೇ ತಾರೀಖು ದಾಟಿತ್ತು. ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ. ದುಡ್ಡು ದೊಡ್ಡದೇನಲ್ಲ, ಆದರೆ ಆಡಿಟರ್ ಹತ್ತಿರ ಬೈಸಿಕೊಂಡಿದ್ದು ಜಾಸ್ತಿ. ಸಾಲದ್ದಕ್ಕೆ ಆ ಕಂಪ್ಯೂಟರಿನ ಜೊತೆ ಬಂದಿದ್ದ ವಿಂಡೋಸ್ ಓಇಎಂ ಲೈಸೆನ್ಸು. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಹೊಸ ಪೆಟ್ಟಿಗೆಗೆ ಬರೋದಿಲ್ಲ.

ಈಗ ನಿಮ್ಮ ಸಾಫ್ಟ್‌ವೇರ್ ವಿಚಾರ. ಜಿಎಲ್‌ಪಿಐ, ಸ್ನೈಪ್-ಐಟಿ ಎರಡೂ ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ದುಡ್ಡೂ ಬೇಡ. ಚೆನ್ನಾಗಿಯೇ ಇವೆ. ಆದರೆ ಆ ಸರ್ವರ್ ನೋಡಿಕೊಳ್ಳೋರು ಯಾರು? ಓಸಿಎಸ್ ಇನ್ವೆಂಟರಿ ಥರದ್ದು ಪ್ರತಿ ಕಂಪ್ಯೂಟರಿನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಅಂತ ತಾನೇ ಪಟ್ಟಿ ಮಾಡಿ ಕೊಡುತ್ತದೆ, ನಿಜ. ಬಿಲ್ಲು ಯಾವ ಫೈಲಿನಲ್ಲಿದೆ, ಮೇಲ್ ಯಾರದ್ದು, ಓಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನ ನೀವೇ ಕೂತು ಬರೆಯಬೇಕು. ಎಲ್ಲಿ ಬರೆದರೂ ಒಂದೇ.

ನಾನೀಗ ಒಂದು ಗೂಗಲ್ ಶೀಟ್ ಇಟ್ಟಿದ್ದೇನೆ. ಕಂಪ್ಯೂಟರಿಗೆ ಒಂದು ಸಾಲು, ಲೈಸೆನ್ಸಿಗೆ ಬೇರೆಯೇ ಒಂದು ಸಾಲು. ಡೊಮೇನ್ ಹೆಸರು, ಆಂಟಿವೈರಸ್, ಡಿಜಿಟಲ್ ಸಿಗ್ನೇಚರ್ ಟೋಕನ್, ಇವೂ ಲೈಸೆನ್ಸ್ ಸಾಲಿನಲ್ಲೇ, ಮುಗಿಯೋ ತಾರೀಖಿನ ಜೊತೆ. ಎಲ್ಲವೂ ಕಂಪನಿಯ ಒಂದೇ ಮೇಲ್‌ನಲ್ಲಿ, ಓಟಿಪಿ ಬರೋದು ಆಫೀಸಿನ ಡ್ರಾಯರ್‌ನಲ್ಲಿರುವ ಸಿಮ್ಮಿಗೆ. ಆ ಸಿಮ್ಮಿನ ರೀಚಾರ್ಜ್ ತಾರೀಖಿಗೂ ಒಂದು ಸಾಲಿದೆ, ನಗಬೇಡಿ. ಪಾಸ್‌ವರ್ಡ್ ಮಾತ್ರ ಶೀಟಿನಲ್ಲಿ ಬರೆಯಬೇಡಿ. ತಿದ್ದುವವರು ಒಬ್ಬರೇ ಇರಲಿ, ಉಳಿದವರು ನೋಡಿದರೆ ಸಾಕು.

ಕಂಪ್ಯೂಟರನ್ನ 'ಕೌಂಟರ್ ಕಂಪ್ಯೂಟರ್' ಅಂತ ಕರೀಬೇಡಿ. ನಾಳೆ ಅದು ಗೋಡೌನಿಗೆ ಹೋಗುತ್ತದೆ, ಶೀಟಿನಲ್ಲಿ ಕೌಂಟರ್‌ನಲ್ಲೇ ಇರುತ್ತದೆ. ಸೀರಿಯಲ್ ನಂಬರಿನಿಂದ ಗುರುತಿಸಿ, ಡೆಲ್ ಆದರೆ ಸರ್ವಿಸ್ ಟ್ಯಾಗ್. ಅಂಟಿಸೋಕೆ ಪೇಪರ್ ಸ್ಟಿಕ್ಕರ್ ತರಬೇಡಿ. ಮಡಿಕೇರಿ ಮಳೆಗಾಲದಲ್ಲಿ ಮೂಲೆ ಸುರುಳಿ ಸುತ್ತಿ, ಅಂಟಿನ ಮೇಲೆ ಬೂಷ್ಟು ಬಂದು, ಒರೆಸಲು ಹೋದರೆ ನಂಬರೇ ಬಟ್ಟೆಗೆ ಬಂತು. ಈಗ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಒಳಗಡೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೀತೀವಿ. ಹೇಗೂ ಮಳೆಗಾಲದಲ್ಲಿ ರ್‍ಯಾಮ್ ತೆಗೆದು ಎರೇಸರ್‌ನಲ್ಲಿ ಉಜ್ಜಲು ಬಿಚ್ಚಲೇಬೇಕಲ್ಲ.

ಪ್ರೊಸೆಸರ್ ಯಾವ ಜನರೇಷನ್ ಅಂತ ಇನ್ನೊಂದು ಕಾಲಂ ಸೇರಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇಂಟೆಲ್ ಆದರೆ 8ನೇ ಜನರೇಷನ್‌ಗಿಂತ ಹಳೆಯದರಲ್ಲಿ ಹೆಚ್ಚಿನವು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೂಡ ಬೇಕು. ಮುಂದಿನ ವರ್ಷ ಎಷ್ಟು ದುಡ್ಡು ಎತ್ತಿಡಬೇಕು ಅಂತ ಮಾಲೀಕರಿಗೆ ಹೇಳಲು ಈ ಕಾಲಂ ಒಂದೇ ಸಾಕು. ಮೌಸು, ಕೀಬೋರ್ಡು ಬರೆಯುತ್ತಾ ಕೂರಬೇಡಿ, ಸುಮ್ನೆ ಟೈಮ್ ವೇಸ್ಟು.

ಮೈಸೂರಲ್ಲೋ ಹಾಸನದಲ್ಲೋ ಬ್ರಾಂಚ್ ಆಗಿ, ಕಂಪ್ಯೂಟರ್ ನೂರು ದಾಟಿ, ಇದಕ್ಕೇ ಅಂತ ಒಬ್ಬರನ್ನ ಇಟ್ಟುಕೊಂಡ್ರೆ ಆಗ ಸ್ನೈಪ್-ಐಟಿ ಹಾಕಿಸಿ. ಈ ಶೀಟನ್ನೇ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಫೈಲ್) ಮಾಡಿ ಅದರೊಳಗೆ ಇಂಪೋರ್ಟ್ ಮಾಡಬಹುದು.